ತಪ್ಪು ಸ್ವರಕ್ಕೆ ಅಂಜದ ಫ್ರಾಂಜ್ ಲಿಸ್ಟ್



ನಿಮ್ಮ ಧರ್ಮಕೇಂದ್ರದ ಗಾನವೃಂದದಲ್ಲಿ ಎಲ್ಲರೊಡನೆ ಸೇರಿ ಹಾಡುವವರು ಹಲವರಿರಬಹುದು. ಆದರೆ ಒಬ್ಬರೇ ನಿಂತು ಕೀರ್ತನೆ ಹಾಡಬೇಕೆಂದಾಗ ಎಷ್ಟು ಮಂದಿ ಮುಂದೆ ಬರುತ್ತಾರೆ? ಒಳ್ಳೆಯ ಕಂಠವಿರುವವರೂ ಹಿಂದೆ ಸರಿಯುತ್ತಾರೆ. ಗುಂಪಿನಲ್ಲಿ ಒಂದು ಸ್ವರ ತಪ್ಪಿದರೆ ಪಕ್ಕದವರ ದನಿ ಅದನ್ನು ಮುಚ್ಚಿಬಿಡುತ್ತದೆ. ಒಬ್ಬರೇ ಹಾಡುವಾಗ ಮುಚ್ಚುವವರು ಯಾರೂ ಇಲ್ಲ. ಆದ್ದರಿಂದ ಒಪ್ಪಿಕೊಂಡು ಬಂದವರೂ ಎಲ್ಲರಿಗೂ ಗೊತ್ತಿರುವ, ಏರಿಳಿತ ಕಡಿಮೆಯಿರುವ ರಾಗವನ್ನೇ ಆರಿಸಿಕೊಳ್ಳುತ್ತಾರೆ. ತಪ್ಪಾಗದಿದ್ದರೆ ಸಾಕು ಎಂಬುದೇ ಅವರ ಪ್ರಾರ್ಥನೆ.

ಇದು ಹಾಡುವವರ ಪಾಡು ಮಾತ್ರವೇ? ಅಲ್ಲ. ನಮ್ಮ ಕುಟುಂಬಗಳಲ್ಲಿಯೂ ಇದೇ ಪ್ರಾರ್ಥನೆ ನಡೆಯುತ್ತದೆ. ಇರುವುದನ್ನು ಕಳೆದುಕೊಳ್ಳದಿದ್ದರೆ ಸಾಕು, ಯಾರೂ ನಗದಿದ್ದರೆ ಸಾಕು ಎಂದು ನಾವು ಬದುಕುತ್ತೇವೆ, ಮಕ್ಕಳಿಗೂ ಹಾಗೆಯೇ ಕಲಿಸುತ್ತೇವೆ. ಹಾಗಾದರೆ ಎದೆಗಾರಿಕೆ ಎಂದರೇನು? ಎಚ್ಚರಿಕೆ ಎಲ್ಲಿ ಮುಗಿದು ಅಂಜಿಕೆ ಎಲ್ಲಿ ಆರಂಭವಾಗುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಹತ್ತೊಂಬತ್ತನೆಯ ಶತಮಾನದ ಒಬ್ಬ ಮಹಾನ್ ಪಿಯಾನೋ ವಾದಕರ ಬದುಕನ್ನು ನಿಮ್ಮ ಮುಂದಿಡುತ್ತೇನೆ. ಅವರ ಹೆಸರು ಫ್ರಾಂಜ್ ಲಿಸ್ಟ್.

ಭದ್ರತೆಯನ್ನು ಪಣಕ್ಕಿಟ್ಟ ಮನೆ

ಲಿಸ್ಟ್ ಹುಟ್ಟಿದ್ದು 1811ರ ಅಕ್ಟೋಬರ್ 22ರಂದು, ರೈಡಿಂಗ್ ಎಂಬ ಹಳ್ಳಿಯಲ್ಲಿ. ಆಗ ಅದು ಹಂಗೇರಿ ರಾಜ್ಯಕ್ಕೆ ಸೇರಿತ್ತು, ಈಗ ಆಸ್ಟ್ರಿಯಾದಲ್ಲಿದೆ. ತಂದೆ ಆಡಂ ಲಿಸ್ಟ್ ಎಸ್ಟರ್‌ಹಾಜಿ ಎಂಬ ಶ್ರೀಮಂತ ಮನೆತನದ ಜಮೀನಿನಲ್ಲಿ ಕುರಿಸಾಕಣೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ನೌಕರರು. ಯೌವನದಲ್ಲಿ ಫ್ರಾನ್ಸಿಸ್ಕನ್ ಮಠ ಸೇರಿ ಸ್ವಲ್ಪ ಕಾಲ ಇದ್ದು ಹೊರಬಂದಿದ್ದರು. ಸಂಗೀತವೆಂದರೆ ಅವರಿಗೆ ಪ್ರಾಣ. ತಾಯಿ ಅನ್ನಾ ದೈವಭಕ್ತೆ. ಮಗನಿಗೆ ಫ್ರಾನ್ಸಿಸ್ ಎಂದು ನಾಮಕರಣವಾಯಿತು. ಪಾವೊಲಾದ ಸಂತ ಫ್ರಾನ್ಸಿಸರೇ ತಮ್ಮ ಪಾಲಕ ಸಂತರೆಂದು ಲಿಸ್ಟ್ ಕೊನೆಯವರೆಗೂ ಭಕ್ತಿಯಿಂದ ನಂಬಿದ್ದರು. ಈ ಹೆಸರನ್ನು ನೆನಪಿನಲ್ಲಿಡಿ. ಮುಂದೆ ಇದು ಮತ್ತೆ ಬರುತ್ತದೆ.

ಬಾಲಕನಿಗೆ ತಂದೆಯೇ ಮೊದಲ ಗುರು. 1820ರಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ, ಅವನು ಸಾರ್ವಜನಿಕರ ಮುಂದೆ ಪಿಯಾನೋ ನುಡಿಸಿದ. ಅದನ್ನು ಕೇಳಿದ ಕೆಲವು ಹಂಗೇರಿಯನ್ ಶ್ರೀಮಂತರು ಅವನ ಶಿಕ್ಷಣಕ್ಕೆಂದು ಆರು ವರ್ಷಗಳ ಕಾಲ ವರ್ಷಕ್ಕೆ 600 ಗಿಲ್ಡರ್ ಕೊಡಲು ಒಪ್ಪಿದರು. ತಂದೆ ಆ ಹಣವನ್ನು ನೆಚ್ಚಿ, ಭದ್ರವಾದ ನೌಕರಿಯನ್ನೇ ಪಣಕ್ಕಿಟ್ಟು, 1822ರಲ್ಲಿ ಹೆಂಡತಿ ಮಗನೊಡನೆ ವಿಯೆನ್ನಾ ನಗರಕ್ಕೆ ಹೊರಟರು. ಇಂದಿನ ಎಷ್ಟು ತಂದೆಯರು ಹೀಗೆ ಮಾಡಿಯಾರು?

ವಿಯೆನ್ನಾದಲ್ಲಿ ಹೆಸರಾಂತ ಗುರು ಕಾರ್ಲ್ ಚೆರ್ನಿ ಈ ಹುಡುಗನಿಗೆ ಶುಲ್ಕವಿಲ್ಲದೆ ಪಾಠ ಹೇಳಿದರು. ಹುಡುಗನ ಕೈಯಲ್ಲಿ ಬೆಂಕಿಯಿತ್ತು, ಹಿಡಿತವಿರಲಿಲ್ಲ. ಚೆರ್ನಿ ಅವನನ್ನು ಮತ್ತೆ ಮೊದಲಿನಿಂದ ಕೂರಿಸಿ ತಾಳ, ಬೆರಳು, ಸ್ಪಷ್ಟತೆ ಎಲ್ಲವನ್ನೂ ಕಲಿಸಿದರು. 1823ರ ಕೊನೆಯಲ್ಲಿ ಕುಟುಂಬ ಪ್ಯಾರಿಸ್ ಸೇರಿತು. ಅಲ್ಲಿನ ಸಂಗೀತ ವಿದ್ಯಾಲಯ ಪರದೇಶಿಯರಿಗೆ ಪ್ರವೇಶವಿಲ್ಲವೆಂದು ಬಾಗಿಲು ಮುಚ್ಚಿತು. ಹಾಗೆಂದವರು ಅಲ್ಲಿನ ಮುಖ್ಯಸ್ಥ ಕೆರುಬಿನಿ. ಅವರೂ ಇಟಲಿಯಿಂದ ಬಂದ ಪರದೇಶಿಯೇ!

1827ರಲ್ಲಿ ತಂದೆ ಜ್ವರದಿಂದ ತೀರಿಕೊಂಡಾಗ ಲಿಸ್ಟ್‌ಗೆ ಇನ್ನೂ ಹದಿನೈದು ವರ್ಷ. ಪ್ಯಾರಿಸ್ಸಿನಲ್ಲಿ ಮನೆಮನೆಗೆ ಹೋಗಿ ಪಾಠ ಹೇಳಿ ತಾಯಿಯನ್ನು ಸಾಕಿದ. ಆ ದಿನಗಳಲ್ಲಿ ಗುರುಮಠ ಸೇರಿ ಯಾಜಕನಾಗಬೇಕೆಂಬ ಆಸೆ ಅವನನ್ನು ಬಲವಾಗಿ ಹಿಡಿಯಿತು. ತಾಯಿ ಬೇಡವೆಂದಳು, ಪಾಪನಿವೇದನೆ ಕೇಳುತ್ತಿದ್ದ ಗುರುಗಳೂ ಅವನ ಕರೆ ಸಂಗೀತದ ಕಡೆಗೇ ಎಂದು ತಿಳಿಹೇಳಿದರು. ಆಸೆ ಮಾತ್ರ ಒಳಗೇ ಉಳಿಯಿತು.

ಒಬ್ಬನೇ ವೇದಿಕೆಯ ಮೇಲೆ

1832ರಲ್ಲಿ ಪ್ಯಾರಿಸ್ಸಿನಲ್ಲಿ ಕಾಲರಾ ಹಬ್ಬಿತ್ತು. ರೋಗಪೀಡಿತರ ಸಹಾಯಾರ್ಥ ಪಗನಿನಿ ಎಂಬ ಅದ್ಭುತ ಪಿಟೀಲು ವಾದಕ ನುಡಿಸಿದಾಗ ಲಿಸ್ಟ್ ಕೇಳುಗರ ನಡುವೆ ಕುಳಿತಿದ್ದರು. ಪಿಟೀಲಿನಲ್ಲಿ ಪಗನಿನಿ ಸಾಧಿಸಿದ್ದನ್ನು ಪಿಯಾನೋದಲ್ಲಿ ತಾನು ಸಾಧಿಸಬೇಕೆಂದು ಆ ಇಪ್ಪತ್ತರ ಯುವಕ ನಿಶ್ಚಯಿಸಿದರು. ಅಲ್ಲಿಂದ ಮುಂದೆ ದಿನಕ್ಕೆ ನಾಲ್ಕೈದು ಗಂಟೆ ಬೆರಳಿನ ಅಭ್ಯಾಸವೇ ನಡೆಯಿತು. ಓದುಗರೇ, ಲಿಸ್ಟ್ ಅವರ ಸಾಹಸದ ಬಗ್ಗೆ ಕೇಳುವ ಮೊದಲು ಈ ಗಂಟೆಗಳನ್ನು ಎಣಿಸಿಕೊಳ್ಳಿ. ಅಭ್ಯಾಸವಿಲ್ಲದವನು ಹಾರುವುದು ಸಾಹಸವಲ್ಲ, ಹುಚ್ಚಾಟ.

ಆ ಕಾಲದ ಸಂಗೀತ ಕಚೇರಿ ಹೇಗಿರುತ್ತಿತ್ತು ಗೊತ್ತೇ? ಒಬ್ಬ ಹಾಡುತ್ತಿದ್ದ, ಇನ್ನೊಬ್ಬ ಪಿಟೀಲು ನುಡಿಸುತ್ತಿದ್ದ, ನಡುವೆ ವಾದ್ಯವೃಂದ ಬರುತ್ತಿತ್ತು. ಒಬ್ಬರ ಭಾರವನ್ನು ಮತ್ತೊಬ್ಬರು ಹೊರುತ್ತಿದ್ದರು. ಲಿಸ್ಟ್ ಈ ಆಸರೆಯನ್ನೆಲ್ಲ ಬಿಟ್ಟರು. 1839ರಲ್ಲಿ ರೋಮಿನಲ್ಲಿ, ಮರುವರ್ಷ ಲಂಡನ್ನಿನಲ್ಲಿ, ಇಡೀ ಕಚೇರಿಯನ್ನು ಒಬ್ಬರೇ ನಡೆಸಿದರು. ಎದುರಿಗೆ ಸಂಗೀತದ ಪುಸ್ತಕವೂ ಇಲ್ಲ, ಎಲ್ಲವೂ ನೆನಪಿನಿಂದ. ಹೀಗೆ ನೆನಪಿನಿಂದ ನುಡಿಸುವುದು ಅಹಂಕಾರವೆಂದು ಆಗ ಹಲವರು ಟೀಕಿಸುತ್ತಿದ್ದರು. ಇಂದು ಜಗತ್ತಿನ ದೊಡ್ಡ ಪಿಯಾನೋ ವಾದಕರೆಲ್ಲ ನಡೆಸುವ ಏಕವ್ಯಕ್ತಿ ಕಚೇರಿ ರೂಢಿಗೆ ಬಂದದ್ದು ಮುಖ್ಯವಾಗಿ ಲಿಸ್ಟ್ ಅವರಿಂದ.

ಅದಕ್ಕಿಂತ ಹೆಚ್ಚಿನ ಸಾಹಸವೂ ಇತ್ತು. ಸಭಾಂಗಣದಲ್ಲಿ ಒಂದು ಪಾತ್ರೆ ಇಡಿಸಿ, ಕೇಳುಗರು ತಮಗಿಷ್ಟವಾದ ರಾಗವನ್ನು ಚೀಟಿಯಲ್ಲಿ ಬರೆದು ಹಾಕಲಿ ಎನ್ನುತ್ತಿದ್ದರು. ಚೀಟಿಯಲ್ಲಿ ಬಂದದ್ದನ್ನು ಅಲ್ಲಿಯೇ, ಆಗಲೇ, ಕಟ್ಟಿ ನುಡಿಸಬೇಕು. ನಮ್ಮ ಕರ್ನಾಟಕ ಸಂಗೀತದ ವಿದ್ವಾಂಸರು ಮನೋಧರ್ಮ ಎನ್ನುತ್ತಾರಲ್ಲ, ಅಂಥದ್ದು. ಇಟಲಿಯ ಮಿಲಾನ್ ನಗರದಲ್ಲಿ ಯಾರೋ ರಾಗದ ಬದಲು ಅಲ್ಲಿನ ಪ್ರಧಾನಾಲಯದ ಹೆಸರು ಬರೆದು ಹಾಕಿದರು. ಮತ್ತೊಬ್ಬರು ರೈಲುದಾರಿ ಎಂದು ಬರೆದರು. ಇನ್ನೊಬ್ಬರು ಮದುವೆಯಾಗುವುದು ಒಳ್ಳೆಯದೋ ಒಂಟಿಯಾಗಿರುವುದೋ ಎಂದೇ ಕೇಳಿಬಿಟ್ಟರು! ಹೀಗೆ ತಮ್ಮನ್ನು ಜನರ ಕೈಗೆ ಒಪ್ಪಿಸಿಕೊಳ್ಳಲು ಲಿಸ್ಟ್ ಹಿಂಜರಿಯಲಿಲ್ಲ.

ಚಪ್ಪಾಳೆಯೂ ಒಂದು ಆಸರೆ

1839ರಿಂದ 1847ರವರೆಗೆ ಲಿಸ್ಟ್ ಯೂರೋಪನ್ನೆಲ್ಲ ಸುತ್ತಿದರು. ಐರ್ಲೆಂಡಿನಿಂದ ಕಾನ್‌ಸ್ಟಾಂಟಿನೋಪಲ್‌ವರೆಗೆ, ಲಿಸ್ಬನ್ನಿನಿಂದ ಸೇಂಟ್ ಪೀಟರ್ಸ್‌ಬರ್ಗ್‌ವರೆಗೆ ಸಾವಿರ ಕಚೇರಿಗಳಾದರೂ ನಡೆದಿರಬೇಕೆಂದು ಅಂದಾಜು. ಜನ ಹುಚ್ಚೆದ್ದು ಮುತ್ತಿಕೊಳ್ಳುತ್ತಿದ್ದರು. ಸಂಪಾದನೆಯಲ್ಲಿ ದೊಡ್ಡ ಪಾಲು ದಾನಕ್ಕೆ ಹೋಗುತ್ತಿತ್ತು. ಅದಕ್ಕೂ ಮುಂಚೆ, 1838ರಲ್ಲಿ ಡಾನ್ಯೂಬ್ ನದಿಯ ಪ್ರವಾಹದಿಂದ ಪೆಸ್ಟ್ ನಗರ ಮುಳುಗಿದಾಗ, ಸಂತ್ರಸ್ತರಿಗಾಗಿ ವಿಯೆನ್ನಾಕ್ಕೆ ಧಾವಿಸಿ ಸಾಲಾಗಿ ಕಚೇರಿ ನಡೆಸಿದ್ದರು.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಜನರನ್ನು ಬೆರಗುಗೊಳಿಸುವ ವೇಗ, ಮಿಂಚಿನ ಬೆರಳು, ಇವೆಲ್ಲ ನೋಡುವವರಿಗೆ ಸಾಹಸದಂತೆ ಕಾಣುತ್ತಿದ್ದವು. ಲಿಸ್ಟ್‌ಗೆ ಮಾತ್ರ ಅವು ಬರಬರುತ್ತ ಅತಿ ಸುರಕ್ಷಿತವಾದ ಹಾದಿಯಾದವು. ಚಪ್ಪಾಳೆ ಎಲ್ಲಿ ಬೀಳುತ್ತದೆಂದು ಗೊತ್ತಿತ್ತು. ಯುವಕನಾಗಿದ್ದಾಗ ಬೆಥೋವನ್ನರ ಕೃತಿಗಳಿಗೆ ತಮ್ಮದೇ ಅಲಂಕಾರ ಸೇರಿಸಿ ಚಪ್ಪಾಳೆ ಗಿಟ್ಟಿಸಿದ್ದುಂಟು. ಅದನ್ನು ಅವರೇ ಬರೆದು ಪಶ್ಚಾತ್ತಾಪಪಟ್ಟರು. ಕೆಲವು ವರ್ಷಗಳ ನಂತರ, ಸ್ನೇಹಿತರ ನಡುವೆ, ದೀಪವಿಲ್ಲದ ಕತ್ತಲೆಯಲ್ಲಿ ಅದೇ ಬೆಥೋವನ್ನರನ್ನು ಒಂದು ಸ್ವರವನ್ನೂ ಹೆಚ್ಚಿಗೆ ಸೇರಿಸದೆ ನುಡಿಸಿದಾಗ ಕೇಳಿದವರು ಕಣ್ಣೀರಿಟ್ಟರು. ಅಲಂಕಾರದ ಹಿಂದೆ ಅಡಗಿಕೊಳ್ಳದೆ ಸರಳವಾಗಿ ನುಡಿಸುವುದಕ್ಕೂ ಧೈರ್ಯ ಬೇಕಲ್ಲವೇ?

1841ರಲ್ಲಿ ಪ್ಯಾರಿಸ್ಸಿನಲ್ಲಿ ಬೆಥೋವನ್ ಸ್ಮಾರಕದ ನಿಧಿಗಾಗಿ ಕಚೇರಿ. ಬೆಥೋವನ್ನರ ಸಂಗೀತವೇ ನಡೆಯಬೇಕಾದ ಆ ಸಂಜೆ, ಜನಪ್ರಿಯ ನಾಟಕವೊಂದರ ರಾಗಗಳ ಮೇಲೆ ಲಿಸ್ಟ್ ಕಟ್ಟಿದ್ದ ಚಮತ್ಕಾರದ ತುಣುಕೇ ಬೇಕೆಂದು ಜನ ಕೂಗಿ ಹಟ ಹಿಡಿದರು. ಲಿಸ್ಟ್ ಬೇಸರದಿಂದಲೇ ಅದನ್ನು ನುಡಿಸಿದರು. ಸಾಹಸಿಯೆಂದು ಹೆಸರಾದವರು ತಮ್ಮದೇ ಕೀರ್ತಿಯ ಸೆರೆಯಾಳಾಗಿದ್ದರು.

ಅವರ ಖಾಸಗಿ ಬದುಕನ್ನೂ ಮರೆಮಾಚುವುದು ಸರಿಯಲ್ಲ. ಮಾರಿ ದಗು ಎಂಬ ವಿವಾಹಿತ ಮಹಿಳೆಯೊಡನೆ ಬಾಳಿ ಮೂವರು ಮಕ್ಕಳ ತಂದೆಯಾದರು. ಆ ಬಾಂಧವ್ಯವೂ ಮುರಿಯಿತು. ಧರ್ಮಸಭೆಯ ನಿಯಮವನ್ನು ಮೀರುವುದು ಸಾಹಸವಲ್ಲ. ಲಿಸ್ಟ್ ಸಂತರಲ್ಲ, ಎಡವಿ ಎದ್ದು ನಡೆದ ನಮ್ಮಂಥ ವಿಶ್ವಾಸಿ.

ಶಿಖರದಿಂದ ಇಳಿದವರು

1847ರ ಸೆಪ್ಟೆಂಬರಿನಲ್ಲಿ, ಇಂದಿನ ಉಕ್ರೇನಿಗೆ ಸೇರಿದ ಎಲಿಸಾವೆಟ್‌ಗ್ರಾಡ್ ಎಂಬ ಊರಿನಲ್ಲಿ ಕಚೇರಿ ಮುಗಿಸಿದ ಲಿಸ್ಟ್, ಹಣಕ್ಕಾಗಿ ನುಡಿಸುವುದನ್ನು ಅಲ್ಲಿಗೇ ನಿಲ್ಲಿಸಿಬಿಟ್ಟರು. ಆಗ ಅವರ ವಯಸ್ಸು ಮೂವತ್ತೈದು. ಬೆರಳುಗಳಲ್ಲಿ ಶಕ್ತಿ ಕುಂದಿರಲಿಲ್ಲ, ಜನರ ಪ್ರೀತಿಯೂ ಕಡಿಮೆಯಾಗಿರಲಿಲ್ಲ. ಮುಂದಿನ ಮೂವತ್ತೆಂಟು ವರ್ಷ ದಾನಧರ್ಮಕ್ಕೆ, ಸ್ನೇಹಿತರಿಗೆ, ಶಿಷ್ಯರಿಗೆ ನುಡಿಸಿದರೇ ಹೊರತು ತಮ್ಮ ಜೇಬಿಗಾಗಿ ನುಡಿಸಲಿಲ್ಲ.

ಜರ್ಮನಿಯ ವೈಮಾರ್ ಎಂಬ ಪುಟ್ಟ ನಗರದ ಆಸ್ಥಾನ ಸಂಗೀತ ನಿರ್ದೇಶಕರಾಗಿ ನೆಲೆನಿಂತು ಹೊಸ ಕೃತಿಗಳ ರಚನೆಗೆ ತೊಡಗಿದರು. ಇತರರ ಹೊಸ ಕೃತಿಗಳಿಗೂ ವೇದಿಕೆ ಕೊಟ್ಟರು. ರಾಜಕೀಯ ಅಪರಾಧಿಯೆಂದು ದೇಶಬಿಟ್ಟು ಓಡಿಹೋಗಿದ್ದ ವಾಗ್ನರ್ ಅವರ ಲೋಹೆನ್‌ಗ್ರಿನ್ ಸಂಗೀತ ನಾಟಕವನ್ನು 1850ರಲ್ಲಿ ಮೊದಲು ಪ್ರದರ್ಶಿಸಿದವರು ಅವರೇ. 1853ರಲ್ಲಿ ಮುಗಿಸಿದ ಪಿಯಾನೋ ಸೊನಾಟಾವನ್ನು ಅಂದಿನ ಪ್ರಮುಖರು ಗದ್ದಲವೆಂದು ತಳ್ಳಿಹಾಕಿದರು. ಇಂದು ಅದು ಆ ಶತಮಾನದ ಶ್ರೇಷ್ಠ ಕೃತಿಗಳಲ್ಲೊಂದು. 1858ರಲ್ಲಿ ಅವರು ನಡೆಸಿಕೊಟ್ಟ ಹೊಸ ನಾಟಕವೊಂದಕ್ಕೆ ಸಭೆಯಲ್ಲಿ ಛೀಮಾರಿ ಬಿದ್ದಾಗ ಹುದ್ದೆಗೆ ರಾಜೀನಾಮೆಯಿತ್ತರು. ಚಪ್ಪಾಳೆಯ ಹಾದಿ ಬಿಟ್ಟವರಿಗೆ ಸಿಕ್ಕ ಸಂಭಾವನೆ ಇದು!

ದುಃಖವೂ ಬೆನ್ನುಹತ್ತಿತು. 1859ರಲ್ಲಿ ಮಗ ಡ್ಯಾನಿಯೆಲ್ ಇಪ್ಪತ್ತನೆಯ ವಯಸ್ಸಿನಲ್ಲಿ ಸತ್ತ. 1862ರಲ್ಲಿ ಹಿರಿಯ ಮಗಳು ಬ್ಲಾಂಡಿನ್ ಹೆರಿಗೆಯ ನಂತರ ತೀರಿಕೊಂಡಳು. ಇವೆರಡರ ನಡುವೆ, 1861ರಲ್ಲಿ, ರಾಜಕುಮಾರಿ ಕರೋಲಿನ್ ಅವರೊಡನೆ ರೋಮಿನ ದೇವಾಲಯದಲ್ಲಿ ನಡೆಯಬೇಕಿದ್ದ ವಿವಾಹ, ಆಕೆಯ ಮೊದಲ ವಿವಾಹದ ಪ್ರಶ್ನೆಯಿಂದಾಗಿ ಹಿಂದಿನ ರಾತ್ರಿ ನಿಂತುಹೋಯಿತು.

ಅಲೆಗಳ ಮೇಲೆ ನಡೆದ ಸಂತರು

1863ರಲ್ಲಿ ಲಿಸ್ಟ್ ರೋಮಿನ ಹೊರವಲಯದ ಜಪಮಾಲೆ ಮಾತೆಯ ಮಠದಲ್ಲಿ ಒಂದು ಕೋಣೆ ಹಿಡಿದು ವಾಸಮಾಡಿದರು. ಆ ಜುಲೈ ತಿಂಗಳಿನಲ್ಲಿ ಜಗದ್ಗುರು ಒಂಬತ್ತನೆಯ ಪಯಸ್ ಅಲ್ಲಿಗೇ ಬಂದು ಅವರ ವಾದನ ಕೇಳಿದರು. ಆ ವರ್ಷಗಳ ಒಂದು ಕೃತಿ ಪಾವೊಲಾದ ಸಂತ ಫ್ರಾನ್ಸಿಸರನ್ನು ಕುರಿತದ್ದು. ಕಥೆ ನಿಮಗೆ ಗೊತ್ತಿರಬಹುದು. ಮೆಸ್ಸಿನಾ ಜಲಸಂಧಿಯನ್ನು ದಾಟಿಸಲು ದೋಣಿಯವನು ನಿರಾಕರಿಸಿದಾಗ, ಕೈಯಲ್ಲಿ ಕಾಸಿಲ್ಲದ ಆ ಸನ್ಯಾಸಿ ತಮ್ಮ ಮೇಲಂಗಿಯನ್ನೇ ನೀರಿನ ಮೇಲೆ ಹಾಸಿ ಅಲೆಗಳನ್ನು ದಾಟಿದರಂತೆ. ಪಿಯಾನೋದ ಕೆಳಸ್ವರಗಳಲ್ಲಿ ಅಲೆಗಳು ಮೊರೆಯುತ್ತವೆ, ಅವುಗಳ ಮೇಲೆ ಸಂತರ ರಾಗ ನಿಧಾನವಾಗಿ, ಮುಳುಗದೆ ಸಾಗುತ್ತದೆ. ನುಡಿಸುವವರಿಗೆ ಬಹಳ ಕಷ್ಟದ ಕೃತಿ. ಆದರೆ ಇಲ್ಲಿ ಕಷ್ಟವಿರುವುದು ಜನರ ಬೆರಗಿಗಲ್ಲ, ಪ್ರಾರ್ಥನೆಗೆ.

1865ರಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ, ಹರೆಯದ ಆಸೆ ಒಂದಿಷ್ಟು ಕೈಗೂಡಿತು. ಲಿಸ್ಟ್ ಧರ್ಮಸಭೆಯ ಕಿರುದೀಕ್ಷೆಗಳನ್ನು ಪಡೆದರು. ದ್ವಾರಪಾಲಕ, ವಾಚಕ ಮೊದಲಾದ ನಾಲ್ಕು ಮೆಟ್ಟಿಲುಗಳು ಅವು. ಜಗದ್ಗುರು ಆರನೆಯ ಪೌಲ್ 1972ರಲ್ಲಿ ಈ ಪದ್ಧತಿಯನ್ನು ಬದಲಿಸಿದರು. ಲಿಸ್ಟ್ ಯಾಜಕರಾಗಲಿಲ್ಲ, ಬಲಿಪೂಜೆ ಅರ್ಪಿಸುವ ಅಧಿಕಾರ ಅವರಿಗಿರಲಿಲ್ಲ. ಆದರೂ ಕಪ್ಪು ನಿಲುವಂಗಿ ಧರಿಸಿದರು. ಇದೂ ಒಂದು ನಾಟಕವೆಂದು ಯೂರೋಪಿನ ಪತ್ರಿಕೆಗಳು ನಕ್ಕವು. ಅವರು ಅಂಗಿಯನ್ನು ತೆಗೆಯಲಿಲ್ಲ.

ತಪ್ಪಿದ ಸ್ವರ

ವೃದ್ಧಾಪ್ಯದಲ್ಲಿ ಲಿಸ್ಟ್ ರೋಮ್, ವೈಮಾರ್, ಬುಡಾಪೆಸ್ಟ್ ಈ ಮೂರು ನಗರಗಳ ನಡುವೆ ಓಡಾಡುತ್ತ ಶಿಷ್ಯರಿಗೆ ಪಾಠ ಹೇಳಿದರು. ಬಡವರಿಂದಲೂ ಬಲ್ಲಿದರಿಂದಲೂ ಒಂದು ಕಾಸು ತೆಗೆದುಕೊಳ್ಳಲಿಲ್ಲ. ಬಾಲ್ಯದಲ್ಲಿ ಚೆರ್ನಿ ಕೊಟ್ಟದ್ದನ್ನು ಹೀಗೆ ನೂರಾರು ಮಂದಿಗೆ ಹಿಂದಿರುಗಿಸಿದರು. 1873ರಲ್ಲಿ ವೈಮಾರ್‌ನಲ್ಲಿ ಕಲಿಯುತ್ತಿದ್ದ ಅಮೆರಿಕದ ಶಿಷ್ಯೆ ಏಮಿ ಫೇ ಒಂದು ಪ್ರಸಂಗವನ್ನು ಬರೆದಿಟ್ಟಿದ್ದಾರೆ. ಈ ಲೇಖನದಲ್ಲಿ ಬೇರೇನು ಮರೆತರೂ ಇದನ್ನು ಮರೆಯಬೇಡಿ.

ಒಂದು ದಿನ ಲಿಸ್ಟ್ ಶಿಷ್ಯರ ಮುಂದೆ ನುಡಿಸುತ್ತಿದ್ದರು. ಕೆಳಗಿನಿಂದ ಮೇಲಕ್ಕೆ ಭವ್ಯವಾಗಿ ಸ್ವರಗಳ ಸಾಲನ್ನು ಏರಿಸಿಕೊಂಡು ಹೋದ ಬೆರಳು ತುದಿಯ ಸ್ವರವನ್ನು ಮುಟ್ಟಬೇಕು. ಮುಟ್ಟಿದ್ದು ಅದಕ್ಕಿಂತ ಅರ್ಧ ಸ್ವರ ಕೆಳಗೆ! ಕೋಣೆಯಲ್ಲಿ ಉಸಿರು ಬಿಗಿಹಿಡಿದ ಮೌನ. ಈಗ ಗುರುಗಳು ಏನು ಮಾಡುತ್ತಾರೆ? ಹಾಗೆಯೇ ಬಿಟ್ಟುಬಿಡುತ್ತಾರೆಯೇ? ಹೊಸಬರಂತೆ ಅವಸರದಲ್ಲಿ ಸರಿಯಾದ ಸ್ವರವನ್ನು ಒತ್ತಿ ತಿದ್ದಿಕೊಳ್ಳುತ್ತಾರೆಯೇ? ಲಿಸ್ಟ್ ಮುಖದಲ್ಲಿ ಕಿರುನಗೆ ಮೂಡಿತು. ಆ ತಪ್ಪು ಸ್ವರವನ್ನೇ ಆಧಾರವಾಗಿಟ್ಟುಕೊಂಡು, ಅದಕ್ಕೆ ಹೊಂದುವ ಹೊಸ ಸ್ವರಗಳನ್ನು ಅಲ್ಲೇ ಕಟ್ಟುತ್ತ ನಿಧಾನವಾಗಿ ಕೆಳಗಿಳಿದರು. ಮತ್ತೆ ಅಷ್ಟೇ ಭವ್ಯವಾಗಿ ಮೇಲೇರಿದರು. ಈ ಬಾರಿ ಗುರಿ ತಪ್ಪಲಿಲ್ಲ.

ತಪ್ಪನ್ನು ಅವರು ಮುಚ್ಚಲಿಲ್ಲ, ತಪ್ಪಿಗೆ ಹೆದರಿ ನಿಲ್ಲಲಿಲ್ಲ, ತಪ್ಪೇ ಅಲ್ಲವೆಂದು ಸಾಧಿಸಲೂ ಇಲ್ಲ. ಮತ್ತೊಮ್ಮೆ ಏರಿ ಸರಿಯಾದ ಸ್ವರವನ್ನೇ ಮುಟ್ಟಿದರಲ್ಲವೇ? ನಮ್ಮ ಧರ್ಮ ಪಶ್ಚಾತ್ತಾಪ ಎನ್ನುವುದೂ ಇದನ್ನೇ. ಬಿದ್ದ ಜಾಗದಿಂದಲೇ ದೇವರು ಹೊಸ ದಾರಿ ತೆರೆಯುತ್ತಾರೆ.

ಕೊನೆಯ ವರ್ಷಗಳ ಕೃತಿಗಳಲ್ಲಿ ಲಿಸ್ಟ್ ಎಲ್ಲ ಆಡಂಬರವನ್ನೂ ಕಳಚಿಟ್ಟರು. 1879ರಲ್ಲಿ ಮುಗಿಸಿದ ಶಿಲುಬೆ ಹಾದಿಯ ಸಂಗೀತ ಅಂಥದ್ದು. ಹದಿನಾಲ್ಕು ಸ್ಥಳಗಳು, ಎಣಿಸಿದಂತೆ ಕೆಲವೇ ಸ್ವರಗಳು, ನಡುನಡುವೆ ಮೌನ. ಕಥೋಲಿಕ ಸಂಗೀತಕ್ಕೆ ಹೆಸರಾದ ಪ್ರಕಾಶಕರು ಅದನ್ನು ಅಚ್ಚುಹಾಕಲು ಒಪ್ಪಲಿಲ್ಲ. ಬದುಕಿರುವಾಗ ಲಿಸ್ಟ್ ಅದನ್ನು ಸಭೆಯಲ್ಲಿ ಕೇಳಲೇ ಇಲ್ಲ. 1886ರ ಜುಲೈ 31ರಂದು ಜರ್ಮನಿಯ ಬೈರಾಯ್ಟ್ ನಗರದಲ್ಲಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ಅವರು ಕೊನೆಯುಸಿರೆಳೆದರು. ಶಿಲುಬೆ ಹಾದಿಯ ಆ ಸಂಗೀತ ಮೊದಲು ಕೇಳಿಬಂದದ್ದು 1929ರ ಶುಭ ಶುಕ್ರವಾರ, ಬುಡಾಪೆಸ್ಟಿನಲ್ಲಿ.

ನಮ್ಮ ಮನೆಗಳಿಗೆ

ಸಂತ ಥಾಮಸ್ ಅಕ್ವಿನಾಸರು ಧೈರ್ಯವೆಂಬ ಸದ್ಗುಣವನ್ನು ವಿವರಿಸುವಾಗ ಅದರ ಎರಡು ಪಕ್ಕಗಳಲ್ಲಿರುವ ಹಳ್ಳಗಳನ್ನೂ ತೋರಿಸುತ್ತಾರೆ. ಒಂದು ಅಂಜುಬುರುಕತನ, ಇನ್ನೊಂದು ದುಡುಕು. ಅಷ್ಟೇ ಅಲ್ಲ, ತನ್ನ ಶಕ್ತಿಗೆ ತಕ್ಕ ಕೆಲಸದಿಂದ ಹಿಂಜರಿಯುವ ಅಲ್ಪಮನಸ್ಸನ್ನು ಅವರು ಪಾಪಗಳ ಸಾಲಿಗೇ ಸೇರಿಸುತ್ತಾರೆ. ಅದಕ್ಕೆ ಕೊಡುವ ನಿದರ್ಶನ ನಮಗೆಲ್ಲ ಗೊತ್ತಿರುವ ತಲೆಂತುಗಳ ಸಾಮತಿ. ಒಡೆಯ ಕೊಟ್ಟದ್ದನ್ನು ಮಣ್ಣಿನಲ್ಲಿ ಹೂತಿಟ್ಟ ಆ ಮೂರನೆಯ ಸೇವಕ ಕದಿಯಲಿಲ್ಲ, ಪೋಲು ಮಾಡಲಿಲ್ಲ, ಒಂದು ಕಾಸೂ ಕಡಿಮೆ ಮಾಡಲಿಲ್ಲ. ಲೆಕ್ಕದಲ್ಲಿ ಅವನದೇನೂ ತಪ್ಪಿಲ್ಲ. ಆದರೂ ಒಡೆಯನ ಮೆಚ್ಚುಗೆ ಅವನಿಗೆ ದೊರೆಯಲಿಲ್ಲ, ಏಕೆಂದರೆ ಅವನನ್ನು ನಡೆಸಿದ್ದು ಭಯ.

ತಂದೆತಾಯಿಗಳೇ, ನಿಮ್ಮ ಮಗಳು ಪೀಠದ ಬಳಿ ನಿಂತು ಕೀರ್ತನೆ ಹಾಡುವಾಗ ಒಂದು ಸ್ವರ ತಪ್ಪಬಹುದು. ಮನೆಗೆ ಬಂದಮೇಲೆ ಮೊದಲು ಏನು ಹೇಳುತ್ತೀರಿ? ನೆರೆಯವರು ನಕ್ಕರೆಂದು ಹೇಳಿದರೆ ಅವಳು ಮುಂದಿನ ವಾರ ಗುಂಪಿನ ಹಿಂದೆ ಅಡಗುತ್ತಾಳೆ. ಆ ಕಂಠ ಅಂದೇ ಮಣ್ಣಿಗೆ ಸೇರುತ್ತದೆ. ಅದರ ಬದಲು ಅವಳೊಡನೆ ಕುಳಿತು ಆ ಸಾಲನ್ನು ಇನ್ನೂ ಹತ್ತು ಬಾರಿ ಹಾಡಿಸಿ. ಚೆರ್ನಿಯ ಶಿಸ್ತೂ ಬೇಕು, ಆಡಂ ಲಿಸ್ಟರ ಎದೆಗಾರಿಕೆಯೂ ಬೇಕು. ಒಂದೇ ಇದ್ದರೆ ಸಾಲದು.

ಗಾಯಕರೇ, ವಾದಕರೇ, ನೀವೂ ಒಮ್ಮೆ ನಿಮ್ಮನ್ನು ಕೇಳಿಕೊಳ್ಳಿ. ನೀವು ಆರಿಸುವ ಹಾಡು ಪ್ರಭುವಿನ ಸ್ತುತಿಗೋ, ನಿಮ್ಮ ಹೆಸರಿನ ರಕ್ಷಣೆಗೋ? ಕಷ್ಟದ ಹಾಡನ್ನು ಜಂಬಕ್ಕೆಂದು ಹಾಡಿದರೂ, ಸುಲಭದ್ದನ್ನು ಅಂಜಿಕೆಯಿಂದ ಹಾಡಿದರೂ, ಕಾಪಾಡಿಕೊಳ್ಳುವುದು ನಮ್ಮ ಹೆಸರನ್ನೇ. ಹೆಸರಿನ ಚಿಂತೆ ಬಿಟ್ಟವರಿಗೆ ಮಾತ್ರ ಸರಳ ರಾಗವೂ, ಕಠಿಣ ರಾಗವೂ ಒಂದೇ ಸ್ವಾತಂತ್ರ್ಯದಿಂದ ಒಲಿಯುತ್ತದೆ.

ದೇವರು ನಿಮ್ಮ ಕೈಗಿಟ್ಟದ್ದು ಕಂಠವೋ, ಕಸುಬೋ, ನಾಲ್ಕು ಒಳ್ಳೆಯ ಮಾತೋ, ಅದನ್ನು ಚೆನ್ನಾಗಿ ಅಭ್ಯಾಸಮಾಡಿ. ಆಮೇಲೆ ಹೂತಿಡಬೇಡಿ. ಸ್ವರ ತಪ್ಪಿದರೆ ಅಲ್ಲಿಂದಲೇ ಇಳಿದು, ಮತ್ತೆ ಏರಿ.